ಕೈ ಇಲ್ಲದ ಕುರ್ಚಿಗೆ ಹಾಕಿದ ಸಹಿ

ಊರಿನ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಒಂದು ಗಂಭೀರ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಲಾಂಡ್ರಿಯಮ್ಮನ ಮನೆಗೆ ಬಂದ ಪ್ಲಾಸ್ಟಿಕ್ ಕುರ್ಚಿಗೆ ಕೈಗಳಿರಲಿಲ್ಲ. ಎದುರುಮನೆಯ ದರ್ಜಿಗೆ ಮಾತ್ರ ಕೈ ಇರುವ ಕುರ್ಚಿ ಸಿಕ್ಕಿತ್ತು.

ಕುರ್ಚಿ ಹಂಚಿದ್ದು ಲಿಥಿಯಂ ನಿಗಮ. ಊರ ಪಕ್ಕದ ಉಪ್ಪುಕೆರೆಯ ಅಡಿಯಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಇದೆಯೆಂದು ಗೊತ್ತಾದದ್ದೇ ತಡ, ಸರ್ಕಾರ ಗಣಿಯನ್ನು ರಾಷ್ಟ್ರೀಕರಣ ಮಾಡಿತು. ಅರ್ಧಕ್ಕಿಂತ ಚೂರು ಹೆಚ್ಚು ಪಾಲು ತಾನಿಟ್ಟುಕೊಂಡು ಉಳಿದದ್ದಕ್ಕೆ ಖಾಸಗಿ ಕಂಪನಿಯನ್ನು ಸೇರಿಸಿಕೊಂಡು ಈ ನಿಗಮ ಕಟ್ಟಿತು. ಆಮೇಲೆ ಮನೆಗೊಂದು ಕುರ್ಚಿ, ಕುರ್ಚಿಗೊಂದು ಸಹಿ.

"ಇದ್ರಲ್ಲಿ ಕೂತ್ರೆ ಬಸ್ ಸ್ಟ್ಯಾಂಡಲ್ಲಿ ಕೂತ ಹಾಗಿರುತ್ತೆ ಕಣೇ," ಎಂದು ಗಂಡ ಗೊಣಗಿದ.

"ಬಸ್ ಬಂದ್ರೂ ನೀವು ಏಳೋರಲ್ಲ ಬಿಡಿ."

ಸೋಮವಾರ ಹಗ್ಗದಕ್ಕ ಬಂದಳು. ನೀರಿನ ಇಲಾಖೆಯವಳು. ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಇಳಿಸಿ ವಾರಕ್ಕೊಮ್ಮೆ ಊರಿನ ಬಾವಿಗಳನ್ನು ಅಳೆಯುವುದು ಅವಳ ಕೆಲಸ. ಲಾಂಡ್ರಿಯಮ್ಮ ಆಸ್ಪತ್ರೆಯ ಹಾಸು-ಹೊದಿಕೆಗಳನ್ನೆಲ್ಲ ಒಗೆಯುವುದು ಹಿತ್ತಲಿನ ಬಾವಿಯ ನೀರಲ್ಲೇ. ಬಾವಿ ಬತ್ತಿದರೆ ಕಸುಬೂ ಬತ್ತಿತು.

"ಎರಡು ಗಂಟು ಕೆಳಗಿಳಿದಿದೆಯಲ್ಲೇ!"

"ಮಳೆ ಕಮ್ಮಿ ಆಯ್ತೇನೋ ಅಕ್ಕಾ."

"ಮಳೆ ನಿಂತು ಹದಿನೈದು ದಿನ ಆಗಿಲ್ಲ. ನಿಗಮದವರು ಮೂರು ಬೋರು ಓಡಿಸ್ತಿದ್ದಾರೆ. ಲಿಥಿಯಂ ತೊಳೆಯೋಕೆ ಸಿಹಿನೀರು ಬೇಕು. ಇದಿನ್ನೂ ಬರೀ ಪರೀಕ್ಷೆಗೆ ಓಡಿಸೋದಂತೆ."

"ಸರ್ಕಾರದ್ದು ಅಂದ್ಮೇಲೆ ನಮ್ದೇ ತಾನೆ?"

"ನಮ್ದೇ. ಅದಕ್ಕೇ ನಮ್ಮನ್ನ ಕೇಳ್ಬೇಕು. ಕೇಳಿದ್ದೀವಿ, ನೀವೆಲ್ಲ ಒಪ್ಪಿದ್ದೀರಿ ಅಂತ ನಿಗಮದಿಂದ ನಮ್ಮ ಆಫೀಸಿಗೆ ಕಾಗದ ಬಂದಿದೆ, ನೋಡು."

ಚೀಲದಿಂದ ತೆಗೆದ ನಕಲಿನ ನೆತ್ತಿಯಲ್ಲಿ ಅಚ್ಚುಕಟ್ಟಾಗಿ ಟೈಪಾಗಿತ್ತು: 'ಅಂತರ್ಜಲ ಬಳಕೆಗೆ ನಮ್ಮ ಪೂರ್ಣ ಸಮ್ಮತಿ ಇದೆ.' ಕೆಳಗೆ ಇಪ್ಪತ್ತಾರನೆಯದು ಅವಳದೇ ಸಹಿ.

ಲಾಂಡ್ರಿಯಮ್ಮನಿಗೆ ಮೈಯೆಲ್ಲ ಉರಿಯಿತು. "ನಾನು ಕುರ್ಚಿ ಬಂತು ಅಂತ ಸಹಿ ಹಾಕಿದ್ದು! ಆಗ ಮೇಲೆ ನಾಲ್ಕು ಬೆರಳಷ್ಟು ಜಾಗ ಖಾಲಿ ಇತ್ತು."

"ಆ ನಾಲ್ಕು ಬೆರಳಲ್ಲೇ ನಿನ್ನ ಬಾವಿ ಹೋಯ್ತು. ನಾಳಿದ್ದು ಅಹವಾಲು ಸಭೆ ಇದೆ. ಬಂದು ಕೇಳು."

"ದೊಡ್ಡೋರ ತಂಟೆ ಯಾಕೆ?" ಗಂಡ ಒಳಗಿಂದಲೇ ಹೇಳಿದ. "ಕೆಲಸ ಕೊಡ್ತಾರಂತಲ್ಲ."

"ಕೊಡ್ಲಿ ಭಾವ," ಎಂದಳು ಹಗ್ಗದಕ್ಕ. "ಎಷ್ಟು ಜನಕ್ಕೆ, ಎಷ್ಟು ವರ್ಷ ಅಂತ ಬರೆದು ಕೊಡ್ಲಿ. ಎಷ್ಟು ನೀರು ಎತ್ತುತ್ತಾರೆ ಅಂತಾನೂ ಬರೀಲಿ. ಗಣಿ ಬೇಡ ಅಂದೋರು ಯಾರು?"

ಮರುದಿನ ಬೆಳಿಗ್ಗೆ ಕೊಡ ನೀರು ಮುಟ್ಟಲಿಲ್ಲ. ಗಂಡ ಕುರ್ಚಿಯಿಂದೆದ್ದು ಸೇದುವ ಹಗ್ಗಕ್ಕೆ ಇನ್ನೊಂದು ಮೊಳ ಕಟ್ಟಬೇಕಾಯಿತು. ಆಮೇಲೆ ಮತ್ತೆ ಕುರ್ಚಿಯಲ್ಲಿ ಕೂರಲಿಲ್ಲ.

ಸಭೆಯಲ್ಲಿ ನಿಗಮದ ಅಧಿಕಾರಿ ಹಾಳೆಗಳನ್ನು ಎತ್ತಿ ತೋರಿಸಿದರು. "ಇನ್ನೂರ ಹನ್ನೊಂದು ಮನೆಯವರು ಒಪ್ಪಿದ್ದೀರಿ. ತುಂಬ ಸಂತೋಷ."

ಲಾಂಡ್ರಿಯಮ್ಮ ಎದ್ದಳು. ಹಿಂದೆ ಗಂಡ, ತಲೆಯ ಮೇಲೆ ಕುರ್ಚಿ. "ಹಿಡ್ಕೊಳ್ಳೋಕೂ ಕೈ ಇಲ್ಲ ದರಿದ್ರದ್ದಕ್ಕೆ," ಎನ್ನುತ್ತ ಅದನ್ನು ಅಧಿಕಾರಿಯ ಮೇಜಿನ ಮೇಲೇ ಕುಕ್ಕಿದ.

"ಸ್ವಾಮೀ, ನಾನು ಸಹಿ ಹಾಕಿ ತಗೊಂಡಿದ್ದು ಇದನ್ನ," ಎಂದಳು ಅವಳು. "ನೀರು ಕೊಡ್ತೀನಿ ಅಂದಿಲ್ಲ. ಕುರ್ಚಿ ಇಟ್ಕೊಂಡು ನನ್ನ ಸಹಿ ಹೊಡೆದುಹಾಕಿ."

"ಇದು ರಾಷ್ಟ್ರದ ಕೆಲಸ ಕಣಮ್ಮ."

"ನನ್ನ ಬಾವಿ ಏನು ಪರದೇಶದಲ್ಲಿದ್ಯಾ?"

ದರ್ಜಿ ಮನೆಗೆ ಓಡಿದ. ತನ್ನ ಕುರ್ಚಿಯನ್ನು ಎರಡೂ ಕೈ ಹಿಡಿದು ಎತ್ತಿ ತಂದ. ಸಂಜೆಯೊಳಗೆ ವೇದಿಕೆಯ ಮೇಲೆ ಅಧಿಕಾರಿಗೆ ನಿಲ್ಲಲು ಜಾಗವಿರಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಗೂ ಕುರ್ಚಿಯೋ ಕೊಡೆಯೋ ಬರಬಹುದು. ಬಂದರೆ ಕಾಗದದ ನೆತ್ತಿ ನೋಡಿ. ಖಾಲಿ ಇದ್ದರೆ ಪೆನ್ನು ಮುಟ್ಟಬೇಡಿ. ಸಹಿ ಹಾಕಿದ್ದಕ್ಕೆ ನಕಲು ಕೇಳಿ ಪಡೆಯಿರಿ. ಅಹವಾಲು ಸಭೆಗೆ ಹೋಗಿ, ಬಾಯಿ ಬಿಟ್ಟು ಕೇಳಿ. ಗಣಿ ದೇಶದ್ದಾದರೆ ಅದರ ಲೆಕ್ಕ ಕೇಳುವ ಹಕ್ಕು ನಿಮ್ಮದು.

ಲಾಂಡ್ರಿಯಮ್ಮನ ಊರಿನ ಸಮ್ಮತಿಪತ್ರ ರದ್ದಾಯಿತು. ನೀರಿನ ಲೆಕ್ಕ ಬರಹದಲ್ಲಿ ಬರುವ ತನಕ ಮೂರೂ ಬೋರು ನಿಂತಿವೆ.