ನೂರು ಕಿಲೋಮೀಟರಿಗೆ ಹದಿನಾಲ್ಕೂವರೆ

ಮಗ ರಿದ್ವಾನ್ ಸತ್ತು ಏಳು ತಿಂಗಳಾಗಿತ್ತು. ಅವನ ಕಾರು ಮಾತ್ರ ಕ್ವಾಲಾ ಕಂಗ್ಸಾರ್ ಊರಿನ ಮನೆಮುಂದೆ ದೊಡ್ಡ ಸಾಹೇಬನ ಹಾಗೆ ನಿಂತೇ ಇತ್ತು. ಮೂರು ಲೀಟರಿನ ಇಂಜಿನು, ಹಿಂದೆ ನಾಲ್ಕು ಹೊಗೆ ಕೊಳವೆ. ಬಂಕಿನಲ್ಲಿ ಊರವರೆಲ್ಲ ಹಳದಿ ಪೈಪಿನ ಅಗ್ಗದ ಪೆಟ್ರೋಲು ಹಾಕಿಸಿಕೊಂಡರೆ ಈ ಮಹಾರಾಯನಿಗೆ ಹಸಿರು ಪೈಪಿನ ದುಬಾರಿಯದೇ ಆಗಬೇಕು. ಸಾಲವೇನೋ ವಿಮೆಯಲ್ಲಿ ತೀರಿತ್ತು. ಆದರೆ ಟೈರು, ಸರ್ವಿಸು, ರೋಡ್ ಟ್ಯಾಕ್ಸು ಅಂತ ನಿಂತಲ್ಲೇ ತಿನ್ನುವ ಬಿಳಿ ಆನೆ ಅದು. ಸೊಸೆ ಸಲ್ವಾನಿ ಶಾಲೆಯ ಟೀಚರು, ಅವಳ ಸಂಬಳದಲ್ಲಿ ಅದನ್ನು ಸಾಕುವುದು ಆಗುವ ಮಾತಲ್ಲ. ಮುಂದಿನ ಟ್ಯಾಕ್ಸು ಕಟ್ಟುವ ಮೊದಲು ಕಾರನ್ನು ಒಳ್ಳೆ ಬೆಲೆಗೆ ಮಾರಿ ಆ ದುಡ್ಡನ್ನು ಅವಳ ಕೈಗಿಡಬೇಕು. ಮುದುಕ ಮನ್ಸೂರನ ತಲೆಯಲ್ಲಿ ಉಳಿದಿದ್ದ ಯೋಚನೆ ಇದೊಂದೇ.

ಉಳಿದದ್ದೆಲ್ಲ ಮರಗಟ್ಟಿತ್ತು. ಆಫೀಸಿನವರ ಜೊತೆ ಬ್ಯಾಡ್ಮಿಂಟನ್ ಆಡುತ್ತಿದ್ದ ಮಗ ಹಾಗೇ ಕುಸಿದ ಅಂತ ಅವನ ಕೆಲಸದೂರು ಶಾ ಆಲಂನಿಂದ ಫೋನು ಬಂದಾಗ ಮನ್ಸೂರನಿಗೆ ಅಳು ಬರಲಿಲ್ಲ. ಮಣ್ಣು ಹಾಕುವಾಗಲೂ ಬರಲಿಲ್ಲ, ಅವನ ಕಾರನ್ನು ಲಾರಿಗೆ ಹೇರಿ ಮನೆಗೆ ತಂದಿಳಿಸಿದಾಗಲೂ ಬರಲಿಲ್ಲ. ಜನ ‘ಎಂಥಾ ಗಟ್ಟಿ ಮನುಷ್ಯ’ ಎಂದರು. ಗಟ್ಟಿಯೂ ಇಲ್ಲ, ಸುಡುಗಾಡೂ ಇಲ್ಲ. ತಟ್ಟೆಗೆ ಹಾಕಿದ್ದನ್ನು ಉಣ್ಣುತ್ತಿದ್ದ, ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಅಷ್ಟೆ.

ಮನ್ಸೂರ್ ದೂರದೂರಿನ ಬಸ್ಸು ಓಡಿಸಿ ನಿವೃತ್ತನಾದವನು. ಡೀಸೆಲ್ ಉಳಿಸಿದ ಡ್ರೈವರಿಗೆ ಕಂಪನಿ ಇನಾಮು ಕೊಡುತ್ತಿತ್ತು. ವರ್ಷವರ್ಷವೂ ಅದು ಇವನಿಗೇ. ಇಳಿಜಾರು ಸಿಕ್ಕಿದರೆ ಗೇರು ತಪ್ಪಿಸಿ ಸುಮ್ಮನೆ ಜಾರಲು ಬಿಡುವುದು, ಮುಂದೆ ಕೆಂಪು ದೀಪ ಕಂಡರೆ ಅಲ್ಲಿಂದಲೇ ಕಾಲೆತ್ತುವುದು. ಹೊಸ ಕಾರುಗಳಿಗೆ ಅದೆಲ್ಲ ಬೇಕಿಲ್ಲ ಅಂತ ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳುವ ಪೈಕಿಯಲ್ಲ. ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗ ಆ ರಾಕ್ಷಸನನ್ನು ಕೊಂಡು ತಂದಿದ್ದ! ಶಾ ಆಲಂನಲ್ಲಿ ಅವನ ಕೆಲಸ, ಇಲ್ಲಿ ಹೆಂಡತಿಯ ಶಾಲೆ. ವರ್ಗಾವಣೆ ಸಿಗದ ಎಷ್ಟೋ ಗಂಡಹೆಂಡಿರ ಹಾಗೆ ಇವರದೂ ವಾರಕ್ಕೊಮ್ಮೆಯ ಸಂಸಾರ. ಪ್ರತಿ ಶುಕ್ರವಾರ ಸಂಜೆ ಹೈವೇ ಹಿಡಿದು ಬರುತ್ತಿದ್ದ. ಅವನು ಚಪ್ಪಲಿ ಬಿಡುವ ಮೊದಲೇ ಅಪ್ಪ ಶುರು ಹಚ್ಚುತ್ತಿದ್ದ.

“ಎಷ್ಟು ಕುಡೀತೋ?”

“ನೂರು ಕಿಲೋಮೀಟರಿಗೆ ಹದಿನಾಲ್ಕೂವರೆ ಲೀಟರ್, ಅಬಾ.”

“ಥೂ! ನಲವತ್ತು ಜನಾನ ಹೊತ್ಕೊಂಡು ನನ್ ಬಸ್ಸು ಕುಡೀತಿದ್ದದ್ದೇ ಮೂವತ್ತು. ನಿನ್ನೊಬ್ಬನ್ನ ಹೊರೋಕೆ ಹದಿನಾಲ್ಕೂವರೆನಾ? ಕೊಡು ನನ್ ಕೈಗೆ, ಒಂಬತ್ತೂವರೆಗೆ ಇಳಿಸಿ ತೋರಿಸ್ತೀನಿ.”

“ನಿಮ್ ಥರ ಓಡಿಸಿದ್ರೆ ಶುಕ್ರವಾರ ಹೊರಟೋನು ಭಾನುವಾರ ಬರ್ತೀನಿ ಅಬಾ.”

ಅಪ್ಪ ಮಕ್ಕಳ ಮಾತು ಇಷ್ಟೇ. ಹೀಗೆ ಜಗಳ ಮುಗಿದ ಮೇಲೆ ಇಬ್ಬರೂ ತೃಪ್ತಿಯಾಗಿ ಊಟಕ್ಕೆ ಕೂರುತ್ತಿದ್ದರು.

ಕಾರು ನೋಡಲು ಒಪ್ಪಿದವನು ಇಪೋ ಪಟ್ಟಣದ ಹಳೇ ಕಾರಿನ ವ್ಯಾಪಾರಿ ಲ್ಯೂ. ಫೋನಿನಲ್ಲಿ ಚಿಕ್ಕಪ್ಪ ಎನ್ನುವ ಸಲಿಗೆಯಲ್ಲಿ ಅವನು ಕೇಳಿದ ಮೊದಲ ಪ್ರಶ್ನೆಯೇ “ಎಷ್ಟು ಕುಡಿಯುತ್ತೆ, ಪಾಚಿಕ್?” ಎಂಬುದು. ಮನ್ಸೂರ್ ಹೋಗಿ ಕಾರಿನಲ್ಲಿ ಕೂತು, ಸ್ಟಿಯರಿಂಗ್ ಪಕ್ಕದ ಅಂಕಿ ತೋರಿಸುವ ಪರದೆ ಹಾಕಿ ನೋಡಿದ. ಕೊನೆಯ ಸರ್ವಿಸಿನಲ್ಲಿ ಸೊನ್ನೆ ಮಾಡಿದ ಮೇಲೆ ರಿದ್ವಾನ್ ಓಡಿಸಿದ್ದರ ಸರಾಸರಿ ಅಲ್ಲೇ ಕೂತಿತ್ತು: ಹದಿನಾಲ್ಕೂವರೆ. ಇದನ್ನು ತೋರಿಸಿದರೆ ಯಾರು ತಾನೇ ಬೆಲೆ ಕೊಡುತ್ತಾರೆ? ಮತ್ತೆ ಸೊನ್ನೆ ಮಾಡುವುದು ಒಂದು ಗುಂಡಿಯ ಕೆಲಸ. ಆದರೆ ಅದು ಕೊಳ್ಳುವವನಿಗೆ ಮಾಡುವ ಮೋಸ ಎಂದು ಮನ್ಸೂರನಿಗೆ ಅನ್ನಿಸಿತು. ನ್ಯಾಯವಾಗಿ ಓಡಿಸಿಯೇ ಇಳಿಸಬೇಕು. “ಕೈ ತುಂಬ ಕೆಲಸವಿದೆ, ಸ್ವಲ್ಪ ದಿನ ಬಿಟ್ಟು ಬಾಪ್ಪ” ಎಂದ.

ಸೊಸೆ ಶಾಲೆಗೆ ಹೋದ ಮೇಲೆ ವಾರಗಟ್ಟಲೆ ದಿನವೂ ಕಾರು ತೆಗೆದ. ಹಳೇ ರಸ್ತೆ ಹಿಡಿದು ತೈಪಿಂಗ್‌ವರೆಗೆ, ಕೆಲವು ದಿನ ಇನ್ನೂ ಮುಂದೆ. ಬುಕಿತ್ ಬೆರಾಪಿತ್ ಇಳಿಜಾರಿನಲ್ಲಿ ಗೇರು ತಪ್ಪಿಸಿ ಜಾರಿಸಿದ. ಹಿಂದಿನ ಲಾರಿಯವರು ಹಾರನ್ ಹೊಡೆದು ಬಾಯಿಗೆ ಬಂದಂತೆ ಬೈದರು, ಬೈದುಕೊಳ್ಳಲಿ. ಅಂಕಿ ಹದಿಮೂರಾಯಿತು, ಹನ್ನೊಂದಾಯಿತು. ಒಂಬತ್ತೂವರೆ ಕಂಡ ದಿನ ತೈಪಿಂಗ್‌ನ ಅಂಗಡಿಯಲ್ಲಿ ಕುಡಿದ ಟೀ ಸಿಹಿಯಾಗಿದೆ ಎಂದು ನಾಲಿಗೆಗೆ ತಿಳಿಯಿತು. ಅವತ್ತೇ ಲ್ಯೂಗೆ ಫೋನು ಮಾಡಿದ.

ಲ್ಯೂ ಶನಿವಾರ ಬಂದ. ಅವನು ಓಡಿಸಿ ನೋಡುವಾಗ ಮನ್ಸೂರ್ ಪಕ್ಕದಲ್ಲಿ ಕೂತ. ಕಾಗದಗಳಲ್ಲಿ ಈಗ ಹೆಸರು ಸಲ್ವಾನಿಯದೇ ಇದ್ದುದರಿಂದ ಅವಳೂ ಬಂದು ಹಿಂದೆ ಕೂತಳು. ಊರು ದಾಟಿದ ಮೇಲೆ ಲ್ಯೂ ಪರದೆ ಹಾಕಿದ.

“ಒಂಬತ್ತೂವರೆ! ಅಯ್ಯಯ್ಯೋ, ಇದೇನ್ ಕಾರಾ ಸೈಕಲ್ಲಾ ಪಾಚಿಕ್?”

“ಓಡಿಸೋನ ಕಾಲಲ್ಲಿ ಬುದ್ಧಿ ಇರ್ಬೇಕು, ಅಷ್ಟೆ,” ಎಂದು ಮನ್ಸೂರ್ ಬೀಗಿದ. ಹಿಂದಕ್ಕೆ ತಿರುಗಿ, “ನೋಡಮ್ಮ, ಹೇಗಿಳಿಸಿದೀನಿ!” ಎಂದ.

ಸಲ್ವಾನಿ ಮುಂದಕ್ಕೆ ಬಗ್ಗಿ ಪರದೆಯನ್ನೇ ನೋಡಿದಳು.

“ಹದಿನಾಲ್ಕೂವರೆ ಇತ್ತಲ್ಲ, ಅಬಾ.”

“ಇತ್ತು, ಈಗಿಲ್ಲ. ಅವನ ಓಡಿಸೋ ರೀತಿನೇ ಸರಿ ಇರ್ಲಿಲ್ಲ ಬಿಡು.”

“ಅವ್ರು ಆಫೀಸ್ ಬಿಟ್ರೆ ಎಲ್ಲೂ ನಿಲ್ಲಿಸ್ತಾನೇ ಇರ್ಲಿಲ್ಲ,” ಎಂದಳು ಸಲ್ವಾನಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. “ನಿಧಾನ ಬನ್ನಿ, ನಾನೇನ್ ಓಡಿ ಹೋಗ್ತೀನಾ ಅಂತ ನಾನೂ ಬೈತಿದ್ದೆ. ‘ನೀನು ಕಾಯ್ತೀಯ. ಅಬಾ ರಾತ್ರಿಯ ಇಶಾ ನಮಾಜು ಮುಗಿಸಿದ್ರೆ ಮಲಗ್ಬಿಡ್ತಾರೆ. ಅವ್ರು ಎದ್ದಿರೋವಾಗ ಬಂದು ಬೈಸ್ಕೊಳ್ದೆ ಇದ್ರೆ ಊರಿಗೆ ಬಂದಂಗೇ ಅನ್ಸಲ್ಲ’ ಅಂತಿದ್ರು.”

ಮನ್ಸೂರ್ ಸ್ವಲ್ಪ ದೂರ ಹೋದ ಮೇಲೆ ಲ್ಯೂನ ತೋಳು ಹಿಡಿದು ನಿಲ್ಲಿಸಲು ಹೇಳಿದ. ಇಳಿದು ಹೋಗಿ ತಾನೇ ಸ್ಟಿಯರಿಂಗ್ ಮುಂದೆ ಕೂತ. ಹೈವೇಗೆ ಹತ್ತಿಸಿದ. ನೂರು ದಾಟಿತು, ನೂರಿಪ್ಪತ್ತಾಯಿತು. ಇಂಜಿನು ಇನ್ನೂ ಬೇಕು ಎಂದು ಗುರುಗುಟ್ಟಿತು. ಅಲ್ಲಿಂದ ಮುಂದಕ್ಕೆ ಕಾಲು ಒತ್ತಲಿಲ್ಲ. ಒತ್ತು ಎಂದರೂ ಒತ್ತಲಿಲ್ಲ, ತಾನಾಗಿ ಮೇಲೆ ಬಂತು. ದರಿದ್ರದ ಕಾಲು! ಪರದೆ ಒಂಬತ್ತೂವರೆಯಲ್ಲೇ ಕೂತಿತ್ತು.

“ಬಿಡಿ ಅಬಾ,” ಎಂದಳು ಸಲ್ವಾನಿ. “ಅಂಕಿ ಮತ್ತೆ ಹದಿನಾಲ್ಕೂವರೆಗೆ ಏರಿದ್ರೂ ಅದು ನಿಮ್ದಾಗುತ್ತೆ. ಅವರದ್ದಾಗಲ್ಲ.”

ಅವನು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಲ್ಯೂಗೆ ಏನು ನಡೆಯುತ್ತಿದೆ ಎಂದು ಅರ್ಧ ಅರ್ಥವಾಗಿತ್ತು. ಒಳ್ಳೆಯ ಮನುಷ್ಯ, ಸಮಾಧಾನ ಮಾಡಲು ಹೊರಟ.

“ಬೇಜಾರ್ ಮಾಡ್ಕೋಬೇಡಿ ಪಾಚಿಕ್. ಹದಿನಾಲ್ಕೂವರೆ ಇದ್ದಿದ್ರೂ ನಾನು ಕೊಡೋ ಬೆಲೆ ಒಂದೇ. ಇಂಥ ಕಾರು ತಗೊಳ್ಳೋರು ಅದನ್ನೆಲ್ಲ ಎಲ್ಲಿ ನೋಡ್ತಾರೆ? ಫೋನಲ್ಲಿ ಸುಮ್ನೆ ಮಾತಿಗೆ ಕೇಳಿದ್ದು.”

ಸುಮ್ಮನೆ ಮಾತಿಗೆ! ಮನ್ಸೂರ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಕೂತ. ಈಗಲಾದರೂ ಅಳು ಬರುತ್ತದೆಂದು ಕಾದ, ಬರಲಿಲ್ಲ. ಪಕ್ಕದಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

“ನನ್ನ ಮಗನ್ನ ನಾನೇ ಅಳಿಸಿಹಾಕಿದೆ ಕಣಮ್ಮ,” ಎಂದ.

ಸಲ್ವಾನಿ ಇಲ್ಲ ಎನ್ನಲಿಲ್ಲ. ಹಿಂದಿನ ಸೀಟಿನಿಂದ ಕೈ ಚಾಚಿ ಪರದೆಯನ್ನು ಆರಿಸಿದಳು.