ಸೊಣ್ಣಪ್ಪನ ಸೊಸೆ ಮಾಡಿದ ಲೆಕ್ಕಗಳು

ಕ್ಯಾಸಂಬಳ್ಳಿಯ ಸೊಣ್ಣಪ್ಪ ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ಆಯುಷ್ಯದ ಮುಕ್ಕಾಲು ಪಾಲು ಕಳೆದು, ಈಗ ಎರಡು ಎಮ್ಮೆ ಕಟ್ಟಿಕೊಂಡು ಊರಲ್ಲಿದ್ದ ಮನುಷ್ಯ. ಭೂಮಿಯ ಹೊಟ್ಟೆಗೆ ಇಳಿಯುವಾಗ ನಡುಗದ ಅವನ ಕಾಲು ಆಂಡರ್ಸನ್‌ಪೇಟೆಯ ಹೈಸ್ಕೂಲಿನ ಮೆಟ್ಟಿಲ ಮೇಲೆ ಯಾಕೋ ತಡವರಿಸಿತು. ವಿಜ್ಞಾನದ ಮೇಷ್ಟ್ರು ರಾಮಚಂದ್ರಪ್ಪ ಹೇಳಿಕಳಿಸಿದ್ದರು. ವಿಷಯ ಸೊಸೆಯದು.

ಸೊಸೆ ಗಂಗರತ್ನಮ್ಮ ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ವಿಷಮಶೀತಜ್ವರಕ್ಕೆ ಒಪ್ಪಿಸಿದವಳು. ತೌರಿನವರು ಕರೆಯಲು ಬಂದಾಗ ಸೊಣ್ಣಪ್ಪ ಅವಳನ್ನೇ ಕೇಳಿದ್ದ, ನಿನಗೇನು ಬೇಕಮ್ಮಾ ಎಂದು. ಎಂಟನೇ ತರಗತಿಗೆ ನಿಂತುಹೋದ ಓದು ಬೇಕು ಎಂದಿದ್ದಳು. ಹಾಗೆ ಐವತ್ತೆಂಟನೇ ಇಸವಿಯಲ್ಲಿ, ತನಗಿಂತ ಎಷ್ಟೋ ಚಿಕ್ಕ ಹುಡುಗಿಯರ ಪಕ್ಕ ಬೆಂಚಿನಲ್ಲಿ ಕೂತಳು. ಉಳಿದವರು ಅಡುಗೆ, ಹೊಲಿಗೆಯ ವಿಷಯ ತೆಗೆದುಕೊಂಡರೆ ಇವಳು ಭೌತಶಾಸ್ತ್ರ ತೆಗೆದುಕೊಂಡಳು. ಸೊಣ್ಣಪ್ಪನ ಅಣ್ಣ ಕೋದಂಡಪ್ಪ, ಗಂಡ ಸತ್ತವಳನ್ನು ಬಸ್ಸು ಹತ್ತಿಸಿ ಮನೆತನದ ಮರ್ಯಾದೆ ಕಳೆಯುತ್ತಿದ್ದಾನೆ ಎಂದು ತಮ್ಮನ ಜೊತೆ ಮಾತು ಬಿಟ್ಟಿದ್ದ.

ಮೇಷ್ಟ್ರು ಕೆಟ್ಟವರಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ಹುಡುಗಿಗೆ ಪಾಠ ಪೂರ್ತಿ ಬಾಯಿಗೆ ಬರುತ್ತದೆ. ಆದರೆ ಲೆಕ್ಕ ಕೊಟ್ಟರೆ ಕೈ ನಿಂತುಬಿಡುತ್ತದೆ. ಅರ್ಧವಾರ್ಷಿಕದಲ್ಲಿ ಒಂದು ಲೆಕ್ಕವೂ ಸರಿಯಿಲ್ಲ. ಮುಂದಿನ ಮಾರ್ಚಿಗೆ ಪಬ್ಲಿಕ್ ಪರೀಕ್ಷೆ. ಈಗಲೇ ಚರಿತ್ರೆಗೆ ಬದಲಾಯಿಸಿಕೊಂಡರೆ ಪಾಸಾದರೂ ಆದಾಳು.

ಸೊಣ್ಣಪ್ಪ ಸೊಸೆಯ ಮುಖ ನೋಡಿದ. ಅವಳು ತಲೆ ತಗ್ಗಿಸಿರಲಿಲ್ಲ.

"ಬದಲಾಯಿಸಾಕಿಲ್ಲ ಸಾರ್," ಎಂದಳು. "ಲೆಕ್ಕ ಬರಾಕಿಲ್ಲ ಅಂದ್ರೆ ಲೆಕ್ಕಾನೇ ಮಾಡ್ತೀನಿ."

ಬಸ್ಸಿನಲ್ಲಿ ವಾಪಸಾಗುವಾಗ ಸೊಣ್ಣಪ್ಪ, ಅದೆಂಥ ಲೆಕ್ಕವಮ್ಮಾ ಎಂದು ಕೇಳಿದ. ಮೇಲಿಂದ ಬಿಟ್ಟ ಕಲ್ಲು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ ಅನ್ನುವಂಥದ್ದು ಎಂದಳು. ಸೊಣ್ಣಪ್ಪನಿಗೆ ಸಮಾಧಾನವಾಯಿತು. ಕಲ್ಲಿಗೆ ತಮ್ಮ ಸೀಮೆಯಲ್ಲಿ ಬರವಿಲ್ಲ.

ಮರುದಿನದಿಂದ ಹಾಲು ಕರೆದ ಮೇಲೆ ಅವರಿಬ್ಬರದೂ ಅದೇ ಕೆಲಸ. ಪುಸ್ತಕದಲ್ಲಿದ್ದ ಲೆಕ್ಕವನ್ನು ಅವಳು ಜೋರಾಗಿ ಓದುವಳು. ಅದರಲ್ಲಿದ್ದದ್ದನ್ನು ಹೊಂದಿಸಿಕೊಡುವುದು ಅವನ ಪಾಲು. ಪಾಳುಬಾವಿಗೆ ಕಲ್ಲು ಹಾಕಿದರು. ತೋಟದ ಬಾವಿಗೆ ಒಂದು ರಾಟೆಯ ಬದಲು ಎರಡು ಕಟ್ಟಿ, ಅದೇ ಕೊಡ ಎಷ್ಟು ಹಗುರಾಯಿತು, ಹಗ್ಗ ಎಷ್ಟು ಹೆಚ್ಚು ಎಳೆಯಬೇಕಾಯಿತು ಎಂದು ನೋಡಿದರು. ಕಣ್ಣಾರೆ ಕಂಡ ಮೇಲೆ ಹಲಗೆಯ ಮೇಲೆ ಲೆಕ್ಕ. ತಪ್ಪಿದರೆ ಒರೆಸಿ ಮತ್ತೆ ಅದೇ ಲೆಕ್ಕ.

ಪ್ರತಿಧ್ವನಿಯ ಪಾಠ ಬಂದಾಗ ಊರಾಚೆಯ ಬಂಡೆಗುಡ್ಡದ ಎದುರು ನಿಂತು ಸೊಣ್ಣಪ್ಪ ಗಂಟಲು ಹರಿಯುವಂತೆ ಕೂಗಿದ. ಸೊಸೆ ಮೇಷ್ಟ್ರ ಕೈಗಡಿಯಾರ ಕೇಳಿ ತಂದಿದ್ದಳು. ಸೆಕೆಂಡಿಗೆ ಸಾವಿರದ ನೂರು ಅಡಿ ಓಡುವ ಶಬ್ದ ಎರಡು ಸೆಕೆಂಡಿಗೆ ತಿರುಗಿ ಬಂತು. ಗುಡ್ಡ ಎರಡು ಸಾವಿರದ ಇನ್ನೂರು ಅಡಿ ದೂರ ಎಂದು ಅವಳು ಬರೆದಳು. ಆಮೇಲೆ ಇಬ್ಬರೂ ಹಗ್ಗ ಹಿಡಿದು ಅಳೆಯುತ್ತ ಹೊರಟರೆ, ಲೆಕ್ಕ ಹೇಳಿದ ಅರ್ಧ ದಾರಿಗೇ ಬಂಡೆ ಎದುರು ನಿಂತಿತ್ತು.

ಅವಳು ಬಂಡೆಗೆ ಅಂಗೈ ಊರಿಕೊಂಡು ನಿಂತಳು. ನಿಂತವಳು ನಕ್ಕಳು. ಮಗ ಹೋದಮೇಲೆ ಅವಳು ನಕ್ಕದ್ದನ್ನು ಸೊಣ್ಣಪ್ಪ ನೋಡಿದ್ದು ಅದೇ ಮೊದಲು.

"ಕೂಗು ಇಲ್ಲೀಗಂಟ ಬಂದು ವಾಪಸ್ ಓಗ್ಬೇಕಲ್ಲ ಮಾವ. ನಾನು ಬರೀ ಓಗಾದಕ್ಕೇ ಲೆಕ್ಕ ಆಕ್ಬಿಟ್ಟೆ."

ಮುದುಕ ಬಂಡೆಯ ಹತ್ತಿರ ಅರಚುತ್ತಾನೆ, ಮಗನ ಸಂಕಟಕ್ಕೆ ಬುದ್ಧಿ ಪಲ್ಲಟವಾಗಿದೆ ಎಂದು ಊರಲ್ಲಿ ಸುದ್ದಿಯಾಯಿತು. ಸೊಣ್ಣಪ್ಪ ಅದಕ್ಕೆ ಕಿವಿಗೊಡಲಿಲ್ಲ.

ವಿದ್ಯುತ್ತಿನ ಪಾಠಕ್ಕೆ ಊರಲ್ಲಿ ಕರೆಂಟೇ ಇರಲಿಲ್ಲ. ಅದಕ್ಕೇನಂತೆ, ಭಾನುವಾರ ನಂದಿದುರ್ಗದ ಗಣಿ ಕೂಲಿಗಳ ಲೈನುಮನೆಗಳಿಗೆ ಹೋದರು. ಅಲ್ಲಿ ಸೊಣ್ಣಪ್ಪನ ಹಳೆಯ ಜೊತೆಗಾರ, ವೈರ್‌ಮನ್ ಮುನಿಸ್ವಾಮಪ್ಪ ಇದ್ದ. ಎರಡು ಬಲ್ಬನ್ನು ಒಂದರ ಹಿಂದೆ ಒಂದು ಸೇರಿಸಿದಾಗ ಎರಡೂ ಮಂಕಾದವು. ಅಕ್ಕಪಕ್ಕ ಸೇರಿಸಿದಾಗ ಎರಡೂ ಬೆಳಗಿದವು. ಲೈನಿನ ಹೆಂಗಸರು ತಮಿಳಿನಲ್ಲಿ ಏನೇನೋ ಕೇಳಿದರು. ಗಂಗರತ್ನಮ್ಮ ತನಗೆ ಬಂದಷ್ಟು ತಮಿಳಿನಲ್ಲಿ ಬಲ್ಬು ಯಾಕೆ ಮಂಕಾಯಿತೆಂದು ವಿವರಿಸತೊಡಗಿದಳು. ಸೊಣ್ಣಪ್ಪ ಜಗುಲಿಯ ಮೇಲೆ ಕೂತು ಬೀಡಿ ಹಚ್ಚುವುದನ್ನೂ ಮರೆತು ಕೇಳಿದ. ಅವನಿಗೆ ಅರ್ಥವಾದದ್ದು ಕಡಿಮೆ. ಅವಳ ದನಿ ಎಲ್ಲೂ ತಡವರಿಸದೇ ಇದ್ದದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಕೊನೆಗೆ ಉಳಿದದ್ದು ರೇಡಿಯಂ. ಅದನ್ನು ಎಲ್ಲಿಂದ ತರುವುದು? ಕಣ್ಣಿಗೆ ಕಾಣದ ಕಿರಣ, ತನ್ನಷ್ಟಕ್ಕೆ ಸವೆಯುವ ಧಾತು. ಅರ್ಧಾಯುವಿನ ಲೆಕ್ಕ ಪ್ರತಿಸಲವೂ ತಪ್ಪುತ್ತಿತ್ತು. ಒಂದು ಅರ್ಧಾಯುವಿಗೆ ಅರ್ಧ ಹೋದರೆ ಎರಡಕ್ಕೆ ಪೂರ್ತಿ ಹೋಗಬೇಕಲ್ಲ ಎಂಬುದು ಅವಳ ವಾದ. ಪುಸ್ತಕದ ಉತ್ತರ ಬೇರೆ. ವಾರವಿಡೀ ಅದರಲ್ಲೇ ಸಿಕ್ಕಿಬಿದ್ದಳು. ಅತ್ತೆ ಮಂಗಮ್ಮನಿಗೆ ಈ ಓದಿನ ಮೇಲೆ ಮೊದಲಿನಿಂದಲೂ ಮುನಿಸು. ಮಗ ಕೂರುತ್ತಿದ್ದ ಜಾಗದಲ್ಲಿ ಹಲಗೆ, ಬಳಪ ಹರಡಿರುವುದನ್ನು ಕಂಡರೆ ಎತ್ತಿ ಮೂಲೆಗೆ ಇಟ್ಟುಬಿಡುತ್ತಿದ್ದಳು. ಅಂದು ಅಂಗಳದಲ್ಲಿ ರಾಗಿ ರಾಶಿ ಹಾಕಿಕೊಂಡು, ಬರೆಯುತ್ತ ಕೂತ ಸೊಸೆಯನ್ನು ಗದರಿದಳು.

"ಅರ್ಧ ನಾನು ಚೀಲಕ್ಕೆ ತುಂಬ್ತೀನಿ, ಅರ್ಧ ನೀನು ತುಂಬು."

ಅತ್ತೆ ಅರ್ಧ ತುಂಬಿ ಎದ್ದಳು. ಸೊಸೆ ಉಳಿದ ರಾಶಿಯ ಮುಂದೆ ಕೂತು ಅದರಲ್ಲಿ ಅರ್ಧವನ್ನಷ್ಟೇ ತುಂಬಿದಳು. ಉಳಿದದ್ದರಲ್ಲಿ ಮತ್ತೆ ಅರ್ಧ. ಮತ್ತೆ ಅರ್ಧ. ರಾಶಿ ಬೊಗಸೆಯಷ್ಟಾಯಿತು, ಹಿಡಿಯಷ್ಟಾಯಿತು, ಮುಗಿಯಲಿಲ್ಲ.

"ಇದೇನಿದು, ಅಕ್ಷಯ ಪಾತ್ರೆಯಾ?" ಎಂದಳು ಮಂಗಮ್ಮ, ಗಂಡನ ಕಡೆ ತಿರುಗಿ.

"ಅತ್ತೆ, ಇದೇ ರೇಡಿಯಂ," ಎಂದಳು ಗಂಗರತ್ನಮ್ಮ. "ಓಗಾದು ಮೊದಲಿದ್ದರ ಅರ್ಧ ಅಲ್ಲ, ಉಳಿದಿದ್ದರ ಅರ್ಧ."

ಮಂಗಮ್ಮನಿಗೆ ರೇಡಿಯಂ ಅಂದರೇನೆಂದು ತಿಳಿಯದು. ಆದರೂ ಸೊಸೆಯ ಎದುರು ಕುಕ್ಕುರುಗಾಲಲ್ಲಿ ಕೂತು, ಆ ಹಿಡಿ ರಾಗಿಯಲ್ಲಿ ಬೆರಳಾಡಿಸುತ್ತ, ಇನ್ನೊಂದು ಸಲ ಹೇಳು ಎಂದಳು. ಅಂದಿನಿಂದ ಮಗನ ಜಾಗದಲ್ಲಿ ಹಲಗೆ ಇಡುವವಳು ಅವಳೇ ಆದಳು.

ಪರೀಕ್ಷೆ ಬಂಗಾರಪೇಟೆಯಲ್ಲಿ. ಭೌತಶಾಸ್ತ್ರದ ದಿನ ಸೊಣ್ಣಪ್ಪ ಹೊಂಗೆಮರದ ಕೆಳಗೆ ಕಾದ. ಮಕ್ಕಳು ಕಣ್ಣೊರೆಸುತ್ತ ಬರುವುದನ್ನು ಕಂಡು ಎದ್ದು ಗೇಟಿನ ಹತ್ತಿರ ಹೋಗಿ ನಿಂತ. ಗಂಗರತ್ನಮ್ಮ ಎಲ್ಲರ ಕೊನೆಗೆ ಬಂದಳು. ಪತ್ರಿಕೆಯ ಲೆಕ್ಕ ಒಂದೂ ಪುಸ್ತಕದ್ದಲ್ಲವಂತೆ. "ಎಲ್ಲಾ ಮಾಡ್ದೆ ಮಾವ," ಎಂದು ನೀರು ಕೇಳಿದಳು.

ಫಲಿತಾಂಶ ಬಂದ ಸಂಜೆ ರಾಮಚಂದ್ರಪ್ಪ ಮೇಷ್ಟ್ರು ಸೈಕಲ್ ತುಳಿದುಕೊಂಡು ಕ್ಯಾಸಂಬಳ್ಳಿಗೆ ಬಂದರು. ಭೌತಶಾಸ್ತ್ರದಲ್ಲಿ ಇಡೀ ಶಾಲೆಗೆ ಅವಳೇ ಮೊದಲು. ಬದಲಾಯಿಸಿಕೋ ಎಂದದ್ದು ನಾನೇ, ಬದಲಾಯಿಸದೆ ಇದ್ದದ್ದು ನಿಮ್ಮ ಸೊಸೆ ಎಂದು ಸೊಣ್ಣಪ್ಪನ ಕೈ ಹಿಡಿದುಕೊಂಡರು. ಮಂಗಮ್ಮ ಅವರಿಗೆ ಕಾಫಿ ಕೊಟ್ಟು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಜೂನ್ ತಿಂಗಳಲ್ಲಿ, ಕೋಲಾರದ ಕಾಲೇಜಿಗೆ ಸೇರಿಸಲು, ಬಂಗಾರಪೇಟೆಯ ಸ್ಟೇಷನ್ನಿನಲ್ಲಿ ಮೂವರೂ ಚಿಕ್ಕ ರೈಲಿಗೆ ಕಾಯುತ್ತಿದ್ದರು. ಅಲ್ಲಿ ಕೋದಂಡಪ್ಪ ಎದುರಾದ. ಪಕ್ಕದಲ್ಲಿ ಅವನ ಬೀಗರ ದಂಡೇ ಇತ್ತು. ಟ್ರಂಕು, ಹಾಸಿಗೆ ಸುರುಳಿ ನೋಡಿ, ಸೊಸೆಯನ್ನು ತೌರಿಗೆ ಕಳಿಸುತ್ತಿದ್ದೀಯೇನೋ ಎಂದು ಕೇಳಿದ.

ಸೊಣ್ಣಪ್ಪ ಎದ್ದು ನಿಂತು ರುಮಾಲು ಸರಿಮಾಡಿಕೊಂಡ. ಬಂಡೆಗುಡ್ಡದ ಎದುರು ಪಳಗಿದ ಗಂಟಲು ಅದು. ಉತ್ತರ ಇಡೀ ಪ್ಲಾಟ್‌ಫಾರಮ್ಮಿಗೆ ಕೇಳಿಸಿತು.

"ಇಲ್ಲ ಕಣಣ್ಣಾ. ನಮ್ಮ ಮನೆ ಮಗಳು ಕಾಲೇಜಿಗೆ ಓಯ್ತಾವ್ಳೆ. ಫಿಸಿಕ್ಸ್ ಓದಾಕೆ."

ಬೀಗರಲ್ಲೊಬ್ಬರು ಹಾಗಂದರೇನು ಎಂದರು. ಸೊಣ್ಣಪ್ಪ ಸೊಸೆಯ ಕಡೆ ನೋಡಿದ. ಆದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ಮಂಗಮ್ಮ ಎಲೆಯಡಿಕೆ ಉಗಿದು, ಸೆರಗು ಹೊದ್ದು, ಬೀಗರನ್ನು ಬೆಂಚಿನ ಮೇಲೆ ಕೂರಲು ಹೇಳಿ, ರಾಗಿ ರಾಶಿಯಿಂದ ಶುರುಮಾಡಿದಳು.