ಓಬಣ್ಣನ ಅಂಗೈ

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದಿದ್ದ ಲಾಡ್ಜಿನಲ್ಲಿ ಜಾದೂಗಾರ ಓಬಣ್ಣ ತೀರಿಕೊಂಡಾಗ ಅವನ ಹೆಂಡತಿ ಅಂಜಮ್ಮ ಸಂತೇಬೆನ್ನೂರಿನ ಅಕ್ಕನ ಮನೆಯಲ್ಲಿದ್ದಳು. ಗಂಡನ ಜೊತೆ ಜಗಳ ಮಾಡಿಕೊಂಡು ಅಲ್ಲಿಗೆ ಬಂದು ಒಂಬತ್ತು ದಿನವಾಗಿತ್ತು. ಅದು ೧೯೭೮ರ ಫೆಬ್ರವರಿ.

ಓಬಣ್ಣ ಜಗಳೂರಿನವನು. ಶಾಲೆಯಿಂದ ಶಾಲೆಗೆ ತಿರುಗಿ ಜಾದೂ ತೋರಿಸುವುದು ಅವನ ಕಸುಬು. ಓದಿದ್ದು ನಾಲ್ಕನೇ ಕ್ಲಾಸಾದರೂ ಕಬ್ಬಿಣದ ಟ್ರಂಕಿನ ಮೇಲೆ ಹಳದಿ ಬಣ್ಣದಲ್ಲಿ ‘ಪ್ರೊಫೆಸರ್ ಓಬಣ್ಣ’ ಎಂದು ಬರೆಸಿದ್ದ. ಅಂಜಮ್ಮ ಹನ್ನೆರಡು ವರ್ಷ ಅವನ ಜೊತೆ ತಿರುಗಿದ್ದಳು. ಪೆಟ್ಟಿಗೆಯೊಳಗೆ ಮೈ ಮುದುರಿ ಮಾಯವಾಗುವುದು, ಖಾಲಿ ಚೀಲದಿಂದ ಬಣ್ಣದ ಬಟ್ಟೆ ಬರುವಂತೆ ಮಾಡುವುದು, ಕತ್ತರಿಸಿದ ಹಗ್ಗ ಕೂಡಿಸುವುದು, ಎಲ್ಲವೂ ಅವಳಿಗೆ ಬರುತ್ತಿತ್ತು. ಬಾರದೇ ಉಳಿದದ್ದು ಒಂದೇ, ಆಟದ ಕಡೆಯಲ್ಲಿ ಅವನು ಮಾಡುತ್ತಿದ್ದ ನಾಣ್ಯದ ಕೈಚಳಕ.

ಅರ್ಧ ತೋಳಿನ ಅಂಗಿ ತೊಟ್ಟು ಮಕ್ಕಳ ಎದುರಿಗೇ ಬಂದು ನಿಲ್ಲುತ್ತಿದ್ದ. ಬಲಗೈಯಲ್ಲಿ ರಾಜನ ತಲೆಯಿದ್ದ ಹಳೆಯ ಕಾಲದ ದೊಡ್ಡ ಬೆಳ್ಳಿ ರೂಪಾಯಿ. ಅದನ್ನು ಎಡಗೈಗೆ ಹಾಕಿ ಮುಷ್ಟಿ ಕಟ್ಟುತ್ತಿದ್ದ. ಬಲಗೈಯಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ, ಮುಂದೆ ಕೂತ ಮಗುವಿನ ಜಡೆ ಎಳೆಯುತ್ತಿದ್ದ. ಆಮೇಲೆ ಎಡಗೈಯ ಬೆರಳು ಒಂದೊಂದಾಗಿ ಬಿಚ್ಚುತ್ತಿದ್ದ. ಒಳಗೆ ಏನೂ ಇರುತ್ತಿರಲಿಲ್ಲ. ಮಾರು ದೂರದಲ್ಲಿ ನಿಂತು ಸಾವಿರ ಸಲ ನೋಡಿದ್ದ ಅಂಜಮ್ಮನಿಗೂ ಅದು ಎಲ್ಲಿ ಹೋಗುತ್ತದೆಂದು ತಿಳಿದಿರಲಿಲ್ಲ.

ಜಗಳವಾದದ್ದು ಅದಕ್ಕೇ.

“ನಂಗೂ ಒಂದು ಕಲಿಸ್ರಿ. ಪೆಟ್ಟಿಗೆ ಒಳಗೆ ಕುಂತು ಕುಂತು ಸೊಂಟ ಬಿದ್ದೋತು” ಎಂದಿದ್ದಳು.

“ಅದೊಂದು ಬ್ಯಾಡ.”

“ಯಾಕೆ, ನಾನೇನು ಹೊರಗಿನೋಳಾ?”

ಅವನು ಟ್ರಂಕಿಗೆ ಬೀಗ ಹಾಕುತ್ತಿದ್ದವನು ತಿರುಗಿ ನೋಡಿದ. “ಅದನ್ನೂ ನೀನೇ ಮಾಡಿದ್ರೆ ನನ್ನತ್ರ ಏನುಳೀತೈತೆ?”

ಆ ಮಾತಿಗೆ ಅವಳಿಗೆ ಕನಿಕರ ಬರಬೇಕಿತ್ತು, ಸಿಟ್ಟು ಬಂತು. ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟಳು.

ಅವನಿಗೆ ಕಾಮಾಲೆಯಾಗಿತ್ತು. ಕಣ್ಣು ಹಳದಿಯಾದಾಗ ಲಾಡ್ಜಿನ ಮಾಲೀಕ, “ಮನೇರಿಗೆ ಹೇಳಿ ಕಳಿಸ್ಲಾ?” ಎಂದು ಕೇಳಿದ್ದನಂತೆ. “ಬ್ಯಾಡ್ರಿ, ತಾನೇ ಬರ್ತಾಳೆ” ಎಂದಿದ್ದನಂತೆ ಓಬಣ್ಣ. ಕೊನೆಗೆ ಸುದ್ದಿ ಬಂದಾಗ ಅವನು ಹೋಗಿ ಅರ್ಧ ದಿನವಾಗಿತ್ತು.

ಅವಳು ಲಾಡ್ಜಿಗೆ ಬಂದಾಗ ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಮೈಯೆಲ್ಲ ಸೆಟೆದಿತ್ತು. ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು, ಎಡಗೈ ಒರೆಸಿದಳು, ಬಲಗೈ ತಿರುಗಿಸಿದಳು. ಐದು ಬೆರಳೂ ಬಿಚ್ಚಿಯೇ ಇದ್ದವು. ಅಂಗೈಯ ನಡುವೆ ಬೆಳ್ಳಿ ರೂಪಾಯಿ ಇತ್ತು. ಕೈ ಕೆಳಮುಖವಾಗಿದ್ದರೂ ಬಿದ್ದಿರಲಿಲ್ಲ. ಹೆಬ್ಬೆರಳ ಬುಡದ ಉಬ್ಬು ಒಂದು ಕಡೆಯಿಂದ, ಕಿರುಬೆರಳ ಕೆಳಗಿನ ಅಂಚು ಇನ್ನೊಂದು ಕಡೆಯಿಂದ ಅದನ್ನು ಕಚ್ಚಿ ಹಿಡಿದಿದ್ದವು.

ಹನ್ನೆರಡು ವರ್ಷ ಕೇಳಿದ್ದಕ್ಕೆ ಉತ್ತರ ಅಲ್ಲಿತ್ತು. ನಾಣ್ಯ ಎಡಗೈಗೆ ಹೋಗುತ್ತಲೇ ಇರಲಿಲ್ಲ.

ಸುತ್ತ ನಿಂತವರು ಯಾರೂ ಅದನ್ನು ನೋಡಲಿಲ್ಲ. ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬಿಡಲಿಲ್ಲ. ಇನ್ನೊಮ್ಮೆ ಮೈಮೇಲಿನ ಬಲವೆಲ್ಲ ಹಾಕಿ ಎಳೆದಾಗ ಬಿಟ್ಟಿತು. ರೂಪಾಯಿ ಐಸಿನ ಹಾಗೆ ಕೊರೆಯುತ್ತಿತ್ತು. ಸೆರಗಿಗೆ ಗಂಟು ಹಾಕಿಕೊಂಡಳು.

ಬಾಡಿಗೆ ಲಾರಿಯಲ್ಲಿ ಜಗಳೂರಿಗೆ ಒಯ್ದು ಮಣ್ಣು ಮಾಡಿದರು. ಓಬಣ್ಣನ ತಾಯಿ ಅಜ್ಜಮ್ಮ ಸೊಸೆಯನ್ನು ನೋಡಿ ಒಂದೇ ಮಾತು ಹೇಳಿದಳು. “ನೀನಿದ್ದಿದ್ರೆ ಬದುಕ್ತಿದ್ದ.” ಅಂಜಮ್ಮನಿಗೆ ಆ ಮನೆಯಲ್ಲಿ ಉಳಿಯುವ ಧೈರ್ಯವಾಗಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ ಹೊನ್ನಾಳಿಗೇ ಹಿಂತಿರುಗಿದಳು. ಟ್ರಂಕು ಅಲ್ಲಿತ್ತು. ಲಾಡ್ಜಿನ ಪಕ್ಕದಲ್ಲಿ ಖಾನಾವಳಿ ನಡೆಸುತ್ತಿದ್ದ ದೊಡ್ಡಕ್ಕ ಎಂಬ ವಿಧವೆ ಅವಳನ್ನು ರೊಟ್ಟಿ ಬಡಿಯುವ ಕೆಲಸಕ್ಕಿಟ್ಟುಕೊಂಡು, ಹಿಂದಿನ ಕೋಣೆ ಬಿಟ್ಟುಕೊಟ್ಟಳು.

ಜೂನ್‌ನಲ್ಲಿ ನ್ಯಾಮತಿಯಿಂದ ಲಾಡ್ಜಿನ ವಿಳಾಸಕ್ಕೆ ಕಾಗದ ಬಂತು. ಅಲ್ಲಿನ ಶಾಲೆಯ ಹೆಡ್‌ಮಾಸ್ತರು ಪಂಚಾಕ್ಷರಪ್ಪ ಬರೆದಿದ್ದರು. ಓಬಣ್ಣನವರು ಶಾಲೆ ಶುರುವಾದ ಮೇಲೆ ಬರುತ್ತೇನೆಂದು ಮಾತು ಕೊಟ್ಟಿದ್ದರು, ಯಾವಾಗ ಬರುತ್ತಾರೆ ಎಂದು. ಅಂಜಮ್ಮ ಪಕ್ಕದ ಅಂಗಡಿಯವನ ಕೈಲಿ ಉತ್ತರ ಬರೆಸಿದಳು. ಅವರಿಲ್ಲ, ನಾನು ಬರುತ್ತೇನೆ, ಒಂದು ತಿಂಗಳು ಸಮಯ ಕೊಡಿ.

ಊಟದವರು ಮುಗಿದ ಮೇಲೆ ಮಧ್ಯಾಹ್ನಗಳಲ್ಲಿ ಕೋಣೆ ಸೇರಿ, ಟ್ರಂಕಿನ ಮೇಲೆ ಕನ್ನಡಿ ಒರಗಿಸಿ, ಅಭ್ಯಾಸಕ್ಕೆ ಕೂತಳು. ನಾಣ್ಯ ಹಿಡಿಯುವುದು ಬೇಗ ಬಂತು. ಹಿಡಿದೂ ಹಿಡಿಯದವಳ ಹಾಗೆ ಕಾಣುವುದು ಬರಲಿಲ್ಲ. ಬೆರಳು ಎಲ್ಲಿರಬೇಕು, ಮಣಿಕಟ್ಟು ಎಷ್ಟು ಬಾಗಬೇಕು ಎಂದು ತಿಳಿಯದಾದಾಗ ಅವಳು ಕಣ್ಣು ಮುಚ್ಚಿ ಪಡಸಾಲೆಯಲ್ಲಿ ಕಂಡ ಆ ಕೈಯನ್ನು ನೆನೆಯುತ್ತಿದ್ದಳು. ಬೇರೆ ಗುರು ಅವಳಿಗೆ ಯಾರಿದ್ದರು? ಅದರಂತೆಯೇ ಬೆರಳು ಜೋಡಿಸುತ್ತಿದ್ದಳು. ಜೋಡಿಸಿದ ಕೂಡಲೇ ಮೊಣಕೈವರೆಗೆ ತಣ್ಣಗಾಗುತ್ತಿತ್ತು. ಸುಡು ಮಧ್ಯಾಹ್ನದಲ್ಲೂ ಆಗುತ್ತಿತ್ತು. ಕನ್ನಡಿಯಲ್ಲಿ ಅವಳ ತೋಳಿನ ತುದಿಗೆ ಓಬಣ್ಣನ ಕೈ ಕಾಣುತ್ತಿತ್ತು. ಬಿಡಿಸಬೇಕೆಂದರೆ ಹೆಬ್ಬೆರಳು ಬರುತ್ತಿರಲಿಲ್ಲ. ಎಡಗೈಯಿಂದ ಹಿಡಿದು ಎಳೆಯಬೇಕಾಗುತ್ತಿತ್ತು.

“ಬಿಡ್ರಿ” ಎಂದು ಒಮ್ಮೆ ಗಟ್ಟಿಯಾಗಿಯೇ ಹೇಳಿದಳು. ಹೇಳಿದ ಮೇಲೆ ಕೋಣೆಯಲ್ಲಿ ತಾನೊಬ್ಬಳೇ ಇದ್ದೇನೆಂದು ನೆನಪಾಗಿ ಹೆದರಿದಳು.

ನ್ಯಾಮತಿಯ ಆಟ ಕೆಟ್ಟಿತು. ಹಗ್ಗ, ಚೀಲ, ಬಟ್ಟೆ, ಎಲ್ಲಕ್ಕೂ ಮಕ್ಕಳು ಚಪ್ಪಾಳೆ ತಟ್ಟಿದರು. ನಾಣ್ಯಕ್ಕೆ ಬಂದಾಗ ಅವಳು ಎಡಗೈ ಬಿಚ್ಚಿ ತೋರಿಸಿದಳು. ಯಾರೂ ಅದನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಬಲಗೈಯ ಮೇಲಿತ್ತು. ಮುಂದಿನ ಸಾಲಿನಲ್ಲಿದ್ದ ಒಂದು ಹುಡುಗಿ, “ಆ ಕೈಗೆ ಏನಾಗೈತೆ?” ಎಂದು ಅಳತೊಡಗಿತು. ಅದರ ಹಿಂದೆ ಇನ್ನೊಂದು. ಪಂಚಾಕ್ಷರಪ್ಪನವರು ಮಕ್ಕಳನ್ನು ಕ್ಲಾಸಿಗೆ ಕಳಿಸಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. “ಕೈ ಸರಿ ಆದ್ಮೇಲೆ ಬರ್ರಮ್ಮ” ಎಂದರು. ಅವರೂ ಆ ಕೈಗೆ ರೋಗ ಬಂದಿದೆ ಅಂದುಕೊಂಡಿದ್ದರು.

ಮಾರನೆಯ ದಿನ ಅವಳು ಕನ್ನಡಿ ಮುಂದೆ ಕೂತಿದ್ದಾಗ ದೊಡ್ಡಕ್ಕ ಜೋಳದ ಹಿಟ್ಟು ತೆಗೆದುಕೊಳ್ಳಲು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

“ಏನವ್ವಾ ಅದು, ಹೆಣದ ಕೈ ಹಂಗೆ ಹಿಡ್ಕಂಡಿದ್ದೀ?”

ಅಂಜಮ್ಮ ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಜಗಳ, ಬಸ್ಸು, ಪಡಸಾಲೆ, ಬಲಗೈ. ದೊಡ್ಡಕ್ಕ ಹಿಟ್ಟಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡೇ ಪೂರ್ತಿ ಕೇಳಿದಳು.

“ಸತ್ತ ಕೈ ನೋಡಿ ಕಲಿತ್ರೆ ಇನ್ನೇನು ಬರ್ತೈತೆ? ಬದುಕಿದ್ದಾಗ ಆ ಕೈ ಏನೇನು ಮಾಡ್ತಿತ್ತು, ಅದನ್ನ ನೋಡಿಲ್ಲಾ ನೀನು?”

“ನೋಡೀನಿ.”

“ಮತ್ತೆ? ಏಳು, ಅದನ್ನ ಹಿಡ್ಕಂಡೇ ಬಂದು ರೊಟ್ಟಿ ಬಡಿ.”

ಅವತ್ತಿನ ರೊಟ್ಟಿಗಳ ಮೇಲೆಲ್ಲ ರೂಪಾಯಿಯ ದುಂಡನೆಯ ಗುರುತು ಬಿದ್ದಿತ್ತು. ಒಂದರ ಮೇಲೆ ರಾಜನ ಮೂಗು ಕೂಡ. ಊಟಕ್ಕೆ ಬಂದ ಕಂಡಕ್ಟರೊಬ್ಬ, “ಏನು ದೊಡ್ಡಕ್ಕ, ರೊಟ್ಟಿಗೆ ಸರ್ಕಾರಿ ಸೀಲು ಹಾಕ್ಸಿದ್ದೀರಾ?” ಎಂದು ಕೇಳಿದ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅಂಜಮ್ಮ ನಕ್ಕಳು. ನಾಣ್ಯ ಹಿಟ್ಟಿನೊಳಗೆ ಬಿತ್ತು.

ಮತ್ತೆ ಹಿಡಿದಳು. ಹಿಡಿದುಕೊಂಡೇ ಬಾವಿಯಿಂದ ನೀರು ಸೇದಿದಳು, ಕಸ ಗುಡಿಸಿದಳು, ದೊಡ್ಡಕ್ಕನ ತಲೆ ಬಾಚಿದಳು. ಓಬಣ್ಣನನ್ನು ನೆನೆಸಿಕೊಳ್ಳಬೇಕಾದಾಗ ಪಡಸಾಲೆಗೆ ಹೋಗದೆ ಬೇರೆ ಕಡೆ ಹೋಗಲು ನೋಡಿದಳು. ಬೀಡಿ ಹಚ್ಚುವಾಗ ಗಾಳಿಗೆ ಮರೆ ಮಾಡುತ್ತಿದ್ದ ಕೈ. ಬಸ್ಸಿನ ನೂಕುನುಗ್ಗಲಲ್ಲಿ ಅವಳ ಬೆನ್ನಿಗೆ ಆನಿಸಿದ ಕೈ. ಸುಲಭವಿರಲಿಲ್ಲ. ಹತ್ತು ಸಲ ನೆನೆದರೆ ಆರು ಸಲ ಆ ಸೆಟೆದ ಕೈಯೇ ಬಂದು ಕೂರುತ್ತಿತ್ತು, ತೋಳು ತಣ್ಣಗಾಗುತ್ತಿತ್ತು. ಆಗ ಹಿತ್ತಿಲಿಗೆ ಹೋಗಿ ಬಿಸಿಲಿಗೆ ಕೈ ಚಾಚಿ ನಿಲ್ಲುತ್ತಿದ್ದಳು. ಹೀಗೆ ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ಬೇಸಿಗೆಯ ಹೊತ್ತಿಗೆ ಒಂದು ದಿನ ದೊಡ್ಡಕ್ಕ, “ಇವತ್ತು ರೂಪಾಯಿ ಹಿಡ್ಕಂಡಿಲ್ಲಾ?” ಎಂದಳು. ಅಂಜಮ್ಮ ಬೆಳಿಗ್ಗೆಯಿಂದ ಹಿಡಿದೇ ಇದ್ದಳು.

ಪಂಚಾಕ್ಷರಪ್ಪನವರ ಶಾಲೆಗೆ ಮತ್ತೆ ಹೋದಳು. ಈ ಸಲ ಯಾವ ಮಗುವೂ ಅಳಲಿಲ್ಲ. ಅಲ್ಲಿಂದ ಸವಳಂಗ, ಕೆರೆಬಿಳಚಿ. ೧೯೮೦ರ ನವೆಂಬರಿನಲ್ಲಿ ಜಗಳೂರಿನ ಶಾಲೆಯೊಂದು ಕರೆಯಿತು. ಎರಡು ದಿನ ಯೋಚಿಸಿ ಒಪ್ಪಿಕೊಂಡಳು.

ಸುದ್ದಿ ಅಜ್ಜಮ್ಮನಿಗೆ ಹೇಗೋ ತಿಳಿದಿತ್ತು. ಶಾಲೆಯ ಅಂಗಳದಲ್ಲಿ ಮಕ್ಕಳ ಸಾಲಿನ ಮುಂದೆ, ಕೋಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂಜಮ್ಮ ಅವಳತ್ತ ನೋಡದೆ ಆಟ ಶುರುಮಾಡಿದಳು. ಕಡೆಯ ಆಟಕ್ಕೆ ಬಂದಾಗ ಬಲಗೈ ತಣ್ಣಗಾಗತೊಡಗಿತು, ಬೆರಳುಗಳು ತಮ್ಮಷ್ಟಕ್ಕೆ ಬಿಗಿಯತೊಡಗಿದವು. ಏನು ಮಾಡಬೇಕೋ ತೋಚದೆ ಅವಳು ಬಗ್ಗಿ, ಅದೇ ಕೈಯಿಂದ ಅತ್ತೆಯ ಜಾರಿದ ಸೆರಗನ್ನು ಎತ್ತಿ ತಲೆಯ ಮೇಲೆ ಸರಿಮಾಡಿದಳು. ಮುದುಕಿಯ ಕೂದಲು ಬಿಸಿಲಿಗೆ ಕಾದಿತ್ತು. ಕೈ ಸಡಿಲವಾಯಿತು. ಎಡಗೈ ಬಿಚ್ಚಿದಳು. ಮಕ್ಕಳು ಖುಷಿಯಿಂದ ಕಿರುಚಿದರು.

ಮಕ್ಕಳೆಲ್ಲ ಹೋದ ಮೇಲೂ ಅಜ್ಜಮ್ಮ ಏಳಲಿಲ್ಲ. “ಇಲ್ಲಿ ಬಾ. ಎಲ್ಲಿ ಹೋತು ಅದು?”

ಹೇಳಬಾರದೆಂಬುದು ಓಬಣ್ಣನ ಕಟ್ಟಳೆ. ಅಂಜಮ್ಮ ಎದುರಿಗೆ ಕೂತು ಬಲಗೈ ಮಗುಚಿ ತೋರಿಸಿದಳು.

ಮುದುಕಿ ಬಗ್ಗಿ ನೋಡಿದಳು. “ಇಷ್ಟೇಯಾ?”

“ಇಷ್ಟೇ ಅತ್ತೆ.”

“ನಂಗೂ ಹೇಳ್ಲಿಲ್ಲ ಅವ್ನು. ಕೇಳಿದ್ರೆ ನಕ್ಕಂಡು ಹೋಗ್ತಿದ್ದ. ನಿಂಗೆ ಯಾವಾಗ ಹೇಳ್ಕೊಟ್ಟ?”

“ಹೇಳ್ಕೊಡ್ಲಿಲ್ಲ. ಅವ್ರು ಹೋದ ದಿನ ಕೈಯಾಗೇ ಇತ್ತು. ನಾನೇ ಬಿಡಿಸ್ಕಂಡೆ.”

“ಗಟ್ಟಿ ಹಿಡಿದಿದ್ನಾ?”

“ಮೊದ್ಲು ಬಿಡಲೇ ಇಲ್ಲ ಅತ್ತೆ. ಎರಡು ಕೈಯಾಗೂ ಎಳೀಬೇಕಾತು.” ಅಷ್ಟು ಹೇಳುವಷ್ಟರಲ್ಲಿ ಅಂಜಮ್ಮನಿಗೆ ಅಳು ಒತ್ತಿಕೊಂಡು ಬಂತು. “ನಾನು ಹೋಗಬಾರದಿತ್ತು. ಅವತ್ತು ಬಸ್ ಹತ್ತಬಾರದಿತ್ತು.”

ಅಜ್ಜಮ್ಮ ಸೊಸೆಯ ಬಲಗೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು, ಚಳಿಗೆ ನಡುಗುವ ಮಗುವಿನ ಕೈ ತಿಕ್ಕುವಂತೆ ತಿಕ್ಕಿದಳು.

“ತಣ್ಣಗೈತೆ” ಎಂದಳು.

“ಆವಾಗಾವಾಗ ಆಗ್ತೈತೆ.”

“ಆವಾಗ ಅವ್ನು ಬರ್ತಾನೇನು?”

ಅಂಜಮ್ಮ ಟ್ರಂಕಿಗೆ ಬೀಗ ಹಾಕಲು ಎದ್ದಳು.

ಆ ದಿನ ಅವಳು ಜಗಳೂರಿನ ಮನೆಯಲ್ಲೇ ಉಳಿದಳು. ಎರಡು ದಿನ ಬಿಟ್ಟು ಚನ್ನಗಿರಿಯಲ್ಲಿ ಆಟವಿತ್ತು. ಹೊರಡುವ ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಮ್ಮ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. “ನಾನೂ ಬರ್ತೀನಿ” ಎಂದಳು. ಬೇಡವೆನ್ನಲು ಅಂಜಮ್ಮನಿಗೆ ಕಾರಣ ಹೊಳೆಯಲಿಲ್ಲ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿದರು. ಮೂವರು ಕೂರುವ ಸೀಟು ಸಿಕ್ಕಿತು. ಅಜ್ಜಮ್ಮ ಕಿಟಕಿ ಹಿಡಿದಳು. ಅಂಜಮ್ಮ ಪಕ್ಕಕ್ಕೆ ಸರಿಯಲು ಹೋದಾಗ ಮುದುಕಿ ಅವಳ ಮೊಣಕೈ ತಡೆದು, “ಆ ತುದೀಗೆ ಕುಂದ್ರು, ಇದು ಅವ್ನಿಗೆ” ಎಂದಳು. ಅಂಜಮ್ಮ ತುದಿಗೆ ಕೂತಳು. ಬಸ್ಸು ತುಂಬುತ್ತ ಬಂತು. ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದು, “ಸ್ವಲ್ಪ ಸರಕಳ್ರಿ” ಎಂದು ನಡುವಿನ ಜಾಗಕ್ಕೆ ಕೈ ತೋರಿಸಿದಳು.

“ಇಲ್ಲಿ ಜನ ಐತೆ” ಎಂದಳು ಅಜ್ಜಮ್ಮ, ಕಿಟಕಿಯಿಂದ ಮುಖ ತಿರುಗಿಸದೆ.

ಆ ಹೆಂಗಸು ಅಂಜಮ್ಮನ ಮುಖ ನೋಡಿದಳು. ಅಂಜಮ್ಮ ಎದ್ದು ನಿಂತು ತನ್ನ ಜಾಗ ಅವಳಿಗೆ ಬಿಟ್ಟುಕೊಟ್ಟಳು. ನಡುವಿನ ಜಾಗ ಚನ್ನಗಿರಿ ಬರುವವರೆಗೂ ಖಾಲಿಯೇ ಇತ್ತು.